ತನ್ನ ಚಿತ್ರಕ್ಕೆ ತಾನೇ ಒಡತಿ

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ, ಗೋಡೆಯ ಮೇಲೋ ಟ್ರಂಕಿನ ತಳದಲ್ಲಿರುವ ಆಲ್ಬಮ್ಮಿನಲ್ಲೋ, ಒಂದು ಬಗೆಯ ಛಾಯಾಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಬೇಸಿಗೆಯ ಮಲ್ಲಿಗೆ ಕಾಲದಲ್ಲಿ ಹೆಣ್ಣುಮಗಳಿಗೆ ಮೊಗ್ಗಿನ ಜಡೆ ಹೆಣೆದು, ರೇಷ್ಮೆ ಲಂಗ ಉಡಿಸಿ, ಮೊಗ್ಗು ಅರಳುವ ಮೊದಲೇ ಸ್ಟುಡಿಯೋಗೆ ಕರೆದೊಯ್ದು ತೆಗೆಸಿದ ಚಿತ್ರ ಅದು. ಹುಡುಗಿ ಕ್ಯಾಮೆರಾ ಕಡೆ ಮುಖಮಾಡಿ ನಿಂತಿರುತ್ತಾಳೆ. ಅವಳ ಹಿಂದೆ ಒಂದು ನಿಲುವುಗನ್ನಡಿ. ಕನ್ನಡಿಯಲ್ಲಿ ಬೆನ್ನು, ಬೆನ್ನಿನ ಮೇಲೆ ಇಳಿಬಿದ್ದ ಜಡೆ, ತುದಿಯಲ್ಲಿ ಕುಚ್ಚು. ಒಂದೇ ಚಿತ್ರದಲ್ಲಿ ಮುಂಭಾಗವೂ ಹಿಂಭಾಗವೂ ಬರಬೇಕೆಂಬುದು ಸ್ಟುಡಿಯೋದವರು ಕಂಡುಕೊಂಡ ಸರಳ ಉಪಾಯ. ಚಿತ್ರ ಯಾರಿಗಾಗಿ ಎಂದು ಕೇಳಿದರೆ ದೊಡ್ಡವರು "ನೆನಪಿಗೆ" ಎನ್ನುತ್ತಾರೆ. ಆದರೆ ಗಂಟೆಗಟ್ಟಲೆ ತಲೆ ಬಗ್ಗಿಸಿ ಕುಳಿತು ಜಡೆ ಹಾಕಿಸಿಕೊಂಡವಳು ಆ ಜಡೆಯನ್ನು ಪೂರ್ತಿಯಾಗಿ ಕಂಡದ್ದು ಆ ಚಿತ್ರದಲ್ಲೇ. ತನ್ನನ್ನು ತಾನು ನೋಡಿಕೊಳ್ಳುವ ಹಕ್ಕು ಅಷ್ಟರಮಟ್ಟಿಗೆ ಅವಳದಾಯಿತು.

ಇತ್ತೀಚಿನ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲೂ ನಮ್ಮ ದೊಡ್ಡ ನಗರಗಳಲ್ಲೂ ಮಹಿಳೆಯರು ತಮಗಾಗಿಯೇ ಚಿತ್ರ ತೆಗೆಸಿಕೊಳ್ಳುವ ಒಂದು ರೂಢಿ ಬೆಳೆದಿದೆ. ಅದಕ್ಕೆ 'ಬೂದ್ವಾರ್ ಛಾಯಾಗ್ರಹಣ' ಎಂದು ಹೆಸರು. ಮಲಗುವ ಕೋಣೆ, ಕನ್ನಡಿ, ಮೆತ್ತನೆಯ ಬೆಳಕು, ಮನೆಯೊಳಗಿನ ಸಡಿಲ ಉಡುಪು. ಎಷ್ಟೋ ಸಲ ಕ್ಯಾಮೆರಾ ಹಿಡಿದವರೂ ಮಹಿಳೆಯೇ. ಮದುವೆಗೆ ಮುಂಚೆ ತೆಗೆಸಿಕೊಳ್ಳುವವರಿದ್ದಾರೆ. ಐವತ್ತು ತುಂಬಿತೆಂದು ತೆಗೆಸಿಕೊಳ್ಳುವವರಿದ್ದಾರೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ಬಳಿಕ, ಉಳಿದ ಈ ಮೈಯೂ ನನ್ನದೇ ಎಂದು ತಮಗೆ ತಾವೇ ಹೇಳಿಕೊಳ್ಳಲು ತೆಗೆಸಿಕೊಳ್ಳುವವರೂ ಇದ್ದಾರೆ. ಕೇಳಿದ ಕೂಡಲೇ ಮೂಗು ಮುರಿಯುವವರು ಇದನ್ನು ನಿನ್ನೆ ಮೊನ್ನೆ ಹುಟ್ಟಿದ ಹುಚ್ಚೆಂದು ತಿಳಿಯುತ್ತಾರೆ. ಇತಿಹಾಸದ ವಿದ್ಯಾರ್ಥಿಗಳಾದ ನೀವು ಹಾಗೆ ತಿಳಿಯಬೇಕಾಗಿಲ್ಲ. ಇದಕ್ಕೆ ಕ್ಯಾಮೆರಾದಷ್ಟೇ ವಯಸ್ಸಾಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಮೊದಲು ಪದವನ್ನು ನೋಡೋಣ. 'ಬೂದ್ವಾರ್' ಫ್ರೆಂಚ್ ಮಾತು. ಮುಖ ಊದಿಸಿಕೊಳ್ಳುವುದು, ಮುನಿಸಿಕೊಳ್ಳುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಸಿರಿವಂತರ ಮನೆಗಳಲ್ಲಿ ಗೃಹಿಣಿಗೆಂದೇ ಮೀಸಲಾದ ಪುಟ್ಟ ಕೋಣೆ ಅದು. ನಮ್ಮ ಪುರಾಣಗಳ ಕೋಪಗೃಹ ನೆನಪಾದರೆ ತಪ್ಪಲ್ಲ. ಆದರೆ ಕೈಕೇಯಿ ಕೋಪಗೃಹ ಹೊಕ್ಕದ್ದು ದಶರಥ ಬರಲೆಂದು. ಫ್ರೆಂಚ್ ಹೆಂಗಸು ಈ ಕೋಣೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದುದು ಯಾರೂ ಬಾರದಿರಲೆಂದು. ಓದು, ಪತ್ರ ಬರೆಯುವುದು, ಗೆಳತಿಯರೊಡನೆ ಮಾತು, ಅಲಂಕಾರ ಎಲ್ಲವೂ ಅಲ್ಲೇ. ಲ ಕಾಮ್ಯು ದ ಮೆಜಿಯೇರ್ ಎಂಬ ವಾಸ್ತುಶಿಲ್ಪಿ 1780ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇಂಥ ಕೋಣೆಯ ಗೋಡೆಗಳಿಗೆ ಕನ್ನಡಿ ಕೂರಿಸಿ, ಅವುಗಳ ಸಂದುಗಳನ್ನು ಮರದ ಕಾಂಡಗಳಂತೆ ಕೆತ್ತಿದ ಹಲಗೆಗಳಿಂದ ಮರೆಮಾಡಿ, ಇಡೀ ಕೋಣೆ ತೋಪಿನಂತೆ ಕಾಣಬೇಕೆಂದು ಸೂಚಿಸುತ್ತಾನೆ. ಕನ್ನಡಿಗೂ ಈ ಕೋಣೆಗೂ ನಂಟು ಹುಟ್ಟಿನಿಂದಲೇ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸುಮಾರು 5 ಇಂಚು ಅಗಲ, 8 ಇಂಚು ಉದ್ದದ ಒಂದು ಬಗೆಯ ಛಾಯಾಚಿತ್ರದ ಕಾರ್ಡಿಗೂ ಇದೇ ಹೆಸರಿತ್ತು. ಅದು ಬರೀ ಅಳತೆಯ ಹೆಸರು; ಅದರಲ್ಲಿ ರೈಲ್ವೆ ಸೇತುವೆಯ ಚಿತ್ರವೂ ಇರಬಹುದಾಗಿತ್ತು.

ಈಗ 1856ರ ಪ್ಯಾರಿಸ್ಸಿಗೆ ಹೋಗೋಣ. ಆಗ ಇಟಲಿ ಎಂಬ ಒಂದು ದೇಶವಿರಲಿಲ್ಲ. ತುಂಡು ತುಂಡು ರಾಜ್ಯಗಳಿದ್ದವು. ಅವನ್ನು ಒಂದುಗೂಡಿಸಲು ಹೊರಟ ಪೀಡ್ಮಂಟಿನ ಪ್ರಧಾನಿ ಕವೂರನಿಗೆ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ನೆರವು ಬೇಕಿತ್ತು. ರಾಯಭಾರಿಗಳ ಜೊತೆಗೆ ಅವನು ತನ್ನ ಬಂಧುವಾದ ಒಬ್ಬ ತರುಣಿಯನ್ನೂ ಪ್ಯಾರಿಸ್ಸಿಗೆ ಕಳುಹಿಸಿದ. ವರ್ಜೀನಿಯಾ ಓಲ್ದೊಯಿನಿ, ಕಾಸ್ತಿಲ್ಯೋನೆಯ ಕೌಂಟೆಸ್. ಫ್ಲಾರೆನ್ಸಿನಲ್ಲಿ 1837ರಲ್ಲಿ ಹುಟ್ಟಿ, 1854ರಲ್ಲಿ ಮದುವೆಯಾಗಿ, ಮರುವರ್ಷವೇ ಒಬ್ಬ ಮಗನ ತಾಯಿಯಾದವಳು. ಹತ್ತೊಂಬತ್ತರ ಆ ವಯಸ್ಸಿಗೆ ಅವಳು ಚಕ್ರವರ್ತಿಯ ಪ್ರೇಯಸಿಯಾದಳು. ಚರಿತ್ರೆಯ ಪುಸ್ತಕಗಳು ಅವಳಿಗೆ ಕೊಡುವ ಜಾಗ ಬಹುಮಟ್ಟಿಗೆ ಇಷ್ಟೇ. ಕವೂರನೂ ನೆಪೋಲಿಯನ್ನನೂ 1858ರ ಜುಲೈನಲ್ಲಿ ಪ್ಲಾಂಬಿಯೇರ್‌ನಲ್ಲಿ ಗುಟ್ಟಾಗಿ ಭೇಟಿಯಾದುದಕ್ಕೆ, 1861ರಲ್ಲಿ ಇಟಲಿಯ ರಾಜ್ಯ ಘೋಷಣೆಯಾದುದಕ್ಕೆ ಅವಳ ಪಾಲೆಷ್ಟು ಎಂಬ ಚರ್ಚೆ ಬೇರೆ. ಅವಳು ಮಾಡಿದ ನಿಜವಾದ ಹೊಸ ಕೆಲಸ ರಾಜಕಾರಣದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಆ ವರ್ಷದ ಜುಲೈನಲ್ಲಿ ಅವಳು ಮೇಯರ್ ಮತ್ತು ಪಿಯರ್ಸನ್ ಎಂಬ ಹೆಸರಾಂತ ಸ್ಟುಡಿಯೋದ ಮೆಟ್ಟಿಲು ಹತ್ತಿದಳು. ಅಲ್ಲಿನ ಪಿಯರ್ ಲೂಯಿ ಪಿಯರ್ಸನ್ (1822–1913) ಎಂಬ ಛಾಯಾಗ್ರಾಹಕನೊಂದಿಗೆ ಆರಂಭವಾದ ಆ ಕೆಲಸ ಸುಮಾರು ನಾಲ್ಕು ದಶಕಗಳಲ್ಲಿ ಮೂರು ಘಟ್ಟಗಳಾಗಿ ನಡೆದು ನಾನೂರಕ್ಕೂ ಹೆಚ್ಚು ಚಿತ್ರಗಳಾದವು. ಒಬ್ಬಳೇ ವ್ಯಕ್ತಿ, ಒಬ್ಬನೇ ಛಾಯಾಗ್ರಾಹಕ. ಇದಕ್ಕಾಗಿ ಅವಳು ತನ್ನ ಆಸ್ತಿಯ ದೊಡ್ಡ ಪಾಲನ್ನು ಸುರಿದಳು, ಸಾಲವನ್ನೂ ಮಾಡಿದಳು. ಆ ಕಾಲದಲ್ಲಿ ಸಿರಿವಂತರು ಸ್ಟುಡಿಯೋಗೆ ಹೋಗುತ್ತಿರಲಿಲ್ಲವೆಂದಲ್ಲ. 1854ರಲ್ಲಿ ದಿಸ್ದೆರಿ ಎಂಬಾತ ಚಿಕ್ಕ ಕಾರ್ಡಿನ ಚಿತ್ರಗಳಿಗೆ ಪೇಟೆಂಟ್ ಪಡೆದಿದ್ದ. ಮುಂದಿನ ವರ್ಷಗಳಲ್ಲಿ ಅವುಗಳ ಹುಚ್ಚು ಯುರೋಪಿಗೆಲ್ಲ ಹಬ್ಬಿತು. ಆದರೆ ಹೋದವರು ಛಾಯಾಗ್ರಾಹಕ ಹೇಳಿದಂತೆ ನಿಂತು ಬರುತ್ತಿದ್ದರು. ಇಲ್ಲಿ ಅಪ್ಪಣೆ ಕೌಂಟೆಸ್‌ಳದು. ಯಾವ ಉಡುಪು, ಯಾವ ಭಂಗಿ, ಕ್ಯಾಮೆರಾ ಎಲ್ಲಿರಬೇಕು, ಚಿತ್ರವನ್ನು ಎಲ್ಲಿಗೆ ಕತ್ತರಿಸಬೇಕು, ಮೇಲೆ ಯಾವ ಬಣ್ಣ ಬಳಿಯಬೇಕು, ಹೆಸರೇನಿಡಬೇಕು ಎಲ್ಲವನ್ನೂ ಅವಳೇ ಹೇಳುತ್ತಿದ್ದಳು. ಪಿಯರ್ಸನ್ ಮುಚ್ಚಳ ತೆಗೆದು ಹಾಕುವವನು.

ಇದು ಎಷ್ಟು ಕಷ್ಟದ ಕೆಲಸವೆಂಬುದನ್ನು ಗುಂಡಿ ಒತ್ತಿದರೆ ಚಿತ್ರ ಬರುವ ಕಾಲದಲ್ಲಿರುವ ನಾವು ಸ್ವಲ್ಪ ಬಿಡಿಸಿ ತಿಳಿಯಬೇಕು. ಆಗ ಬಳಕೆಯಲ್ಲಿದ್ದುದು 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಪಡಿಸಿದ 'ಹಸಿ ಕೊಲೋಡಿಯನ್' ವಿಧಾನ. ಗಾಜಿನ ಫಲಕದ ಮೇಲೆ ಅಂಟಾದ ಕೊಲೋಡಿಯನ್ ದ್ರವವನ್ನು ಹರಡಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒಣಗುವುದರೊಳಗೆ ಚಿತ್ರ ತೆಗೆದು, ಒಣಗುವುದರೊಳಗೇ ಕತ್ತಲೆ ಕೋಣೆಗೆ ಒಯ್ದು ಸಂಸ್ಕರಿಸಬೇಕು. ಎಲ್ಲಕ್ಕೂ ಕೆಲವೇ ನಿಮಿಷಗಳ ಗಡುವು. ದೀಪದ ಬೆಳಕು ಸಾಲದು. ಗಾಜಿನ ಮಾಡಿನಿಂದ ಇಳಿಯುವ ಹಗಲ ಬೆಳಕೇ ಗತಿ. ಕುಳಿತವರು ಹಲವು ಸೆಕೆಂಡುಗಳ ಕಾಲ ಅಲುಗಾಡಬಾರದು. ಅದಕ್ಕೆಂದೇ ತಲೆಯ ಹಿಂದೆ ಕಬ್ಬಿಣದ ಕವೆಯೊಂದನ್ನು ಆನಿಸಿ ನಿಲ್ಲಿಸುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಯಾರೂ ನಗದಿರುವುದಕ್ಕೆ ಇದೂ ಒಂದು ಕಾರಣ. ಇಷ್ಟು ಬಿಗಿಯ ನಡುವೆ ಕೌಂಟೆಸ್ ಬೆನ್ನು ತಿರುಗಿಸಿ ಕೂತಳು, ಕಣ್ಣು ಮುಚ್ಚಿದಳು, ನೆಲಕ್ಕೆ ಒರಗಿದಳು, ಕೈಗನ್ನಡಿ ಹಿಡಿದಳು. ಅತ್ಯಂತ ಪ್ರಸಿದ್ಧವಾದ ಚಿತ್ರದಲ್ಲಿ ಅಂಡಾಕಾರದ ಖಾಲಿ ಚೌಕಟ್ಟೊಂದನ್ನು ಒಂದು ಕಣ್ಣಿಗೆ ಹಿಡಿದು ಅದರ ತೂತಿನಿಂದ ನಮ್ಮನ್ನೇ ನೋಡುತ್ತಾಳೆ. ಚಿತ್ರವಾಗಿ ಕೂತವಳು ನೋಡುಗರನ್ನೇ ಚೌಕಟ್ಟಿಗೆ ಹಾಕಿದಂತೆ. ಅಂದಿನ ಮರ್ಯಾದಸ್ಥ ಮನೆತನದ ಹೆಂಗಸು ಕಾಲಿನ ಗಿಣ್ಣನ್ನೂ ತೋರಿಸಬಾರದಿದ್ದ ಕಾಲದಲ್ಲಿ ಅವಳು ತನ್ನ ಬರಿಯ ಕಾಲುಗಳ ಚಿತ್ರವನ್ನಷ್ಟೇ ತೆಗೆಸಿಕೊಂಡದ್ದೂ ಉಂಟು.

ಕೋಪಕ್ಕೂ ಅವಳು ಕ್ಯಾಮೆರಾವನ್ನೇ ಬಳಸಿದಳು. 1863ರಲ್ಲಿ ಅರಮನೆಯ ವೇಷಭೂಷಣ ಕೂಟವೊಂದಕ್ಕೆ ಪ್ರಾಚೀನ ಎಟ್ರೂರಿಯಾದ ರಾಣಿಯ ವೇಷದಲ್ಲಿ ಹೋದಾಗ ಅವಳು ಅರೆಬತ್ತಲೆಯಾಗಿ ಬಂದಳೆಂಬ ಸುದ್ದಿ ಹಬ್ಬಿತು. ಅಷ್ಟರಲ್ಲಿ ಬೇರೆಯಾಗಿದ್ದ ಗಂಡ, ಮಗನನ್ನು ಕಿತ್ತುಕೊಳ್ಳುವುದಾಗಿ ಬೆದರಿಸಿದ. ಅವಳು ಅದೇ ಉಡುಪು ತೊಟ್ಟು, ಮೈತುಂಬ ಮುಚ್ಚಿದ ಆ ಉಡುಪಿನಲ್ಲಿ ಕೈಯಲ್ಲಿ ಕಠಾರಿ ಹಿಡಿದು ಚಿತ್ರ ತೆಗೆಸಿ, ಅದಕ್ಕೆ 'ಸೇಡು' ಎಂದು ಹೆಸರಿಟ್ಟು ಗಂಡನಿಗೆ ಕಳುಹಿಸಿದಳು. ಕೋರ್ಟಿಗೆ ಹೋಗಲು ಆ ಕಾಲದ ಹೆಂಡತಿಗೆ ಇದ್ದ ದಾರಿಗಳು ಕಿರಿದು ಎಂಬುದನ್ನು ನೆನೆದರೆ ಈ ಉತ್ತರದ ತೂಕ ತಿಳಿಯುತ್ತದೆ.

ಇಂಗ್ಲೆಂಡಿನಲ್ಲಿ ಅದೇ ವರ್ಷಗಳಲ್ಲಿ ಇನ್ನೊಬ್ಬಳು, ತೀರ ಬೇರೆ ಸ್ವಭಾವದವಳು, ಇದೇ ಕೋಣೆಯ ಸುತ್ತ ಕೆಲಸ ಮಾಡುತ್ತಿದ್ದಳು. ಲೇಡಿ ಕ್ಲೆಮೆಂಟಿನಾ ಹಾವರ್ಡನ್ (1822–1865) ಹಲವು ಮಕ್ಕಳ ತಾಯಿ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ತನ್ನ ಮನೆಯ ಮಹಡಿಯ ಕೋಣೆಗಳಿಂದ ಪೀಠೋಪಕರಣಗಳನ್ನು ತೆಗೆಸಿ, ಕಿಟಕಿಯ ಬಳಿ ಒಂದು ನಿಲುವುಗನ್ನಡಿ ನಿಲ್ಲಿಸಿ, ತನ್ನ ಹೆಣ್ಣುಮಕ್ಕಳನ್ನೇ ಚಿತ್ರಿಸಿದಳು. ಒಬ್ಬಳು ಕನ್ನಡಿಗೆ ಕೆನ್ನೆಯಾನಿಸಿ ನಿಂತಿದ್ದಾಳೆ. ಇನ್ನೊಬ್ಬಳು ಒಳ ಉಡುಪಿನಲ್ಲೇ ಕಿಟಕಿಯ ಬೆಳಕಿಗೆ ತಿರುಗಿದ್ದಾಳೆ. ಚಿತ್ರ ನೋಡುವ ಗಂಡಸಿಗೆಂದು ಅವರು ಒಂದು ಭಾವವನ್ನೂ ಮುಖಕ್ಕೆ ತಂದುಕೊಂಡಿಲ್ಲ. ಲಂಡನ್ನಿನ ಫೊಟೊಗ್ರಾಫಿಕ್ ಸೊಸೈಟಿ ಅವಳಿಗೆ ಪದಕ ನೀಡಿತು. ನಲವತ್ತೆರಡನೆಯ ವಯಸ್ಸಿಗೇ ಅವಳು ತೀರಿಕೊಂಡಳು. 1939ರಲ್ಲಿ ಮೊಮ್ಮಗಳು ಸುಮಾರು 775 ಪ್ರತಿಗಳನ್ನು ಮನೆಯಿಂದ ಕೂಗಳತೆಯಲ್ಲಿದ್ದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟಾಗ, ಆಲ್ಬಮ್ಮಿನಿಂದ ಕಿತ್ತದ್ದರಿಂದ ಅನೇಕ ಚಿತ್ರಗಳ ಮೂಲೆಗಳು ಹರಿದುಹೋಗಿದ್ದವು. ಹಾಗೆಯೇ ಇಂದಿಗೂ ಇವೆ.

ನಮ್ಮ ದೇಶದ ಕಥೆ ಇಷ್ಟು ನೇರವಲ್ಲ. ಇಲ್ಲಿ ಕ್ಯಾಮೆರಾ 1840ರ ದಶಕದಲ್ಲೇ ಬಂತು. ಅದರ ಮುಂದೆ ಬಂದ ಹೆಂಗಸರು ತಾವಾಗಿ ಬಂದರೋ ಕರೆತರಲ್ಪಟ್ಟರೋ ಹೇಳುವುದು ಕಷ್ಟ. ಲಖನೌದ ದರೋಗಾ ಅಬ್ಬಾಸ್ ಅಲಿ 1874ರಲ್ಲಿ ಆ ನಗರದ ಗಾಯಕಿಯರ, ನರ್ತಕಿಯರ ಚಿತ್ರಸಂಪುಟವೊಂದನ್ನು ಪ್ರಕಟಿಸಿದ. ಅಲ್ಲಿರುವವರ ಒಡವೆ ಉಡುಪುಗಳ ಬೆಡಗು ಕಣ್ಣು ಸೆಳೆಯುತ್ತದೆ, ಆದರೆ ಸಂಪುಟ ಕೊಳ್ಳುವವನಿಗಾಗಿ ಮಾಡಿದ್ದು. ಜೈಪುರದ ಮಹಾರಾಜ ಎರಡನೆಯ ಸವಾಯಿ ರಾಮಸಿಂಹ (ಆಳ್ವಿಕೆ 1835–1880) ಸ್ವತಃ ಛಾಯಾಗ್ರಾಹಕ. ಅಂತಃಪುರದ ಸ್ತ್ರೀಯರನ್ನು ಯುರೋಪಿಯನ್ ಮಾದರಿಯ ಪರದೆ, ಕುರ್ಚಿ, ನೆಲಹಾಸುಗಳ ನಡುವೆ ಕೂರಿಸಿ ಚಿತ್ರ ತೆಗೆದ. ಪರಪುರುಷರ ಕಣ್ಣಿಗೆ ಬೀಳದವರು ಗಾಜಿನ ಫಲಕದ ಮೇಲೆ ಉಳಿದರು. ಅವರ ಮುಖಗಳಲ್ಲಿ ಕೆಲವು ಬೆದರಿವೆ, ಕೆಲವು ದಿಟ್ಟವಾಗಿವೆ. ಅರಸನ ಆಜ್ಞೆ ಎಲ್ಲಿಗೆ ಮುಗಿದು ಅವರ ಇಚ್ಛೆ ಎಲ್ಲಿ ಮೊದಲಾಯಿತೆಂದು ಚಿತ್ರ ಹೇಳುವುದಿಲ್ಲ.

ಹೆಚ್ಚು ಸ್ಪಷ್ಟವಾದ ಹೆಜ್ಜೆ ಹೈದರಾಬಾದಿನದು. ಅಂದು ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಆ ಸಂಸ್ಥಾನದಲ್ಲಿದ್ದವು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಶ್ರಯದಲ್ಲಿದ್ದ ಲಾಲಾ ದೀನದಯಾಳ (1844–1905) 1892ರಲ್ಲಿ ಹೆಂಗಸರಿಗೆಂದೇ ಒಂದು 'ಜನಾನಾ ಸ್ಟುಡಿಯೋ' ತೆರೆದರು. ಸುತ್ತ ಎತ್ತರದ ಗೋಡೆ. ಒಳಗಿನ ಉಸ್ತುವಾರಿಯೆಲ್ಲ ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯದು. ಗೋಷಾದಲ್ಲಿದ್ದ ಹೆಂಗಸರು ಅಲ್ಲಿ ಮುಸುಕು ತೆಗೆದು, ಮನಸ್ಸಿಗೆ ಬಂದ ಒಡವೆ ತೊಟ್ಟು ಕ್ಯಾಮೆರಾ ಎದುರು ಕೂರಬಹುದಾಗಿತ್ತು. ಇಂದಿನ ಬೂದ್ವಾರ್ ಸ್ಟುಡಿಯೋಗಳು ಹೆಮ್ಮೆಯಿಂದ ಹೇಳಿಕೊಳ್ಳುವ ಎರಡು ಮಾತು, ಅಂದರೆ ಮುಚ್ಚಿದ ಬಾಗಿಲು ಮತ್ತು ಮಹಿಳಾ ಛಾಯಾಗ್ರಾಹಕಿ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ದಖ್ಖನಿನಲ್ಲೇ ಇದ್ದವು. ಮುಂದೆ ಕಲ್ಕತ್ತಾದಲ್ಲಿ ಅನ್ನಪೂರ್ಣಾ ದತ್ತ (1894–1976) ಎಂಬ ಗೃಹಿಣಿ ಛಾಯಾಗ್ರಹಣವನ್ನೇ ಜೀವನೋಪಾಯ ಮಾಡಿಕೊಂಡು ಪರದೆಯ ಮನೆಗಳೊಳಗೆ ಹೋಗಿ ಚಿತ್ರ ತೆಗೆದರು.

ತನ್ನ ಚಿತ್ರವನ್ನು ತಾನೇ ಆಳಿದ ಭಾರತೀಯ ಮಹಿಳೆ ಯಾರೆಂದರೆ ನನಗೆ ಮೊದಲು ನೆನಪಾಗುವವಳು ಗೌಹರ್ ಜಾನ್. 1902ರಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿ, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದವಳು. ದನಿಗೆ ಹೇಗೋ ಮುಖಕ್ಕೂ ಹಾಗೆ. ಜರಿಯಂಚಿನ ಸೀರೆ, ಬ್ರೂಚು, ಸಾಲು ಸಾಲು ಒಡವೆ ತೊಟ್ಟು ಕ್ಯಾಮೆರಾವನ್ನು ನೇರ ನೋಡುವ ಅವಳ ಚಿತ್ರಗಳು ಅಂಚೆ ಕಾರ್ಡುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಕೂಡ ಅಚ್ಚಾದವು. ಅವಳ ಕೊನೆಯ ದಿನಗಳು ನಮ್ಮ ಮೈಸೂರಿನಲ್ಲಿ ಕಳೆದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1928ರಲ್ಲಿ ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿ 17ರಂದು ಇಲ್ಲೇ ತೀರಿಕೊಂಡಳು. ಅಷ್ಟು ಹೊತ್ತಿಗೆ ಸಿರಿ ಕರಗಿತ್ತು.

ಬೆಂಕಿಪೊಟ್ಟಣ ಎಂದ ಕೂಡಲೇ ಒಂದು ಪ್ರಶ್ನೆ ಏಳುತ್ತದೆ. ಚಿತ್ರ ತೆಗೆಸಿಕೊಳ್ಳಲು ಒಪ್ಪಿದವಳು ಅದನ್ನು ಯಾರು ಬೇಕಾದರೂ ಬಳಸಲು ಒಪ್ಪಿದಂತೆಯೇ? ಹಾಗೆ ತಿಳಿದ ಜನ ಆಗಲೂ ಇದ್ದರು, ಈಗಲೂ ಇದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಅಬಿಗೇಲ್ ರಾಬರ್ಸನ್ ಎಂಬ ಹುಡುಗಿಯ ಚಿತ್ರವನ್ನು ಅವಳನ್ನು ಕೇಳದೆಯೇ ಹಿಟ್ಟಿನ ಜಾಹೀರಾತಿಗೆ ಬಳಸಿ ಸುಮಾರು 25,000 ಪ್ರತಿ ಅಂಗಡಿ ಬೀದಿಗಳಲ್ಲಿ ಹಚ್ಚಿದರು. ಚಿತ್ರ ಚೆನ್ನಾಗಿಯೇ ಇತ್ತು, ಅಶ್ಲೀಲವೇನೂ ಅಲ್ಲ. ಆದರೆ ಗುರುತಿನವರ ಕುಚೋದ್ಯ ತಾಳದೆ ಅವಳು ಹಾಸಿಗೆ ಹಿಡಿದಳು. ಮೊಕದ್ದಮೆ ರಾಜ್ಯದ ಉಚ್ಚ ನ್ಯಾಯಪೀಠದವರೆಗೆ ಹೋಗಿ 1902ರಲ್ಲಿ ನಾಲ್ವರಿಗೆ ಮೂವರಂತೆ ಅವಳಿಗೆ ಸೋಲಾಯಿತು. ಅಂಥ ಹಕ್ಕೇ ಕಾನೂನಿನಲ್ಲಿಲ್ಲವೆಂದರು ನ್ಯಾಯಾಧೀಶರು. ಜನ ಎಷ್ಟು ಸಿಟ್ಟಾದರೆಂದರೆ ಮರುವರ್ಷವೇ ಬರಹದ ಒಪ್ಪಿಗೆಯಿಲ್ಲದೆ ಯಾರ ಚಿತ್ರವನ್ನೂ ಜಾಹೀರಾತಿಗೆ, ವ್ಯಾಪಾರಕ್ಕೆ ಬಳಸಬಾರದೆಂದು ಶಾಸನವಾಯಿತು. ಸ್ವಾರಸ್ಯ ಮುಂದಿದೆ. ಆ ತೀರ್ಪು ಬರೆದ ನ್ಯಾಯಾಧೀಶ ಆಲ್ಟನ್ ಪಾರ್ಕರ್ 1904ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ, ಪತ್ರಿಕಾ ಛಾಯಾಗ್ರಾಹಕರು ತನ್ನನ್ನೂ ತನ್ನ ಮನೆಯವರನ್ನೂ ಬೆನ್ನುಹತ್ತುತ್ತಿದ್ದಾರೆಂದು ದೂರಿದ. ಅದಕ್ಕೆ ರಾಬರ್ಸನ್ ಪತ್ರಿಕೆಯ ಮೂಲಕವೇ ಪತ್ರ ಬರೆದು, ಅಂಥ ಹಕ್ಕು ಇಲ್ಲವೆಂದವರು ತಾವೇ ಅಲ್ಲವೇ ಎಂದು ನೆನಪಿಸಿದಳು.

ನಮ್ಮಲ್ಲಿ ಈ ವಿಷಯ ಕಾನೂನಿನ ಮಾತಾದದ್ದು ತಡವಾಗಿ. 2013ರಲ್ಲಿ ದಂಡಸಂಹಿತೆಗೆ 354ಸಿ ಕಲಮು ಸೇರಿತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 77ನೆಯ ಕಲಮಾಗಿದೆ. ಅದರ ಒಂದು ವಿವರಣೆಯನ್ನು ಕಾಲೇಜಿನ ಹೆಣ್ಣುಮಕ್ಕಳೂ ಗಂಡುಮಕ್ಕಳೂ ತಿಳಿದಿರಬೇಕು. ಖಾಸಗಿ ಚಿತ್ರ ತೆಗೆಯಲು ಮಹಿಳೆ ಒಪ್ಪಿದ್ದರೂ, ಅದನ್ನು ಇತರರಿಗೆ ಹಂಚಲು ಒಪ್ಪಿರದಿದ್ದರೆ, ಹಂಚಿದವನು ಅಪರಾಧಿ. ಮೊಬೈಲಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸುವಾಗ ಬೆರಳು ತುಸು ತಡೆಯಲಿ.

ಇಷ್ಟಾದರೂ ಒಂದು ಆಕ್ಷೇಪವನ್ನು ಬದಿಗಿಡಲಾಗದು. ಇಂಗ್ಲಿಷ್ ವಿಮರ್ಶಕ ಜಾನ್ ಬರ್ಜರ್ 1972ರಲ್ಲಿ ದೂರದರ್ಶನದ ಸರಣಿಯೊಂದರಲ್ಲೂ ಅದೇ ಹೆಸರಿನ ಪುಸ್ತಕದಲ್ಲೂ ಎತ್ತಿದ್ದು ಇದನ್ನೇ: ಹೆಣ್ಣು ತನ್ನನ್ನು ನೋಡಿಕೊಳ್ಳುವ ಕಣ್ಣೂ ಗಂಡಿನಿಂದ ಎರವಲು ಬಂದದ್ದು; ಚಿತ್ರಕಾರರು ಅವಳ ಕೈಗೆ ಕನ್ನಡಿ ಕೊಟ್ಟದ್ದು ಅವಳೇ ತನ್ನನ್ನು ನೋಟದ ವಸ್ತುವಾಗಿ ಒಪ್ಪಿಕೊಳ್ಳಲೆಂದು. ಬೇಲೂರಿನ ದರ್ಪಣಸುಂದರಿಯನ್ನು ಕಡೆದವನೂ ಗಂಡಸೇ ಎಂಬುದನ್ನು ಇಲ್ಲಿ ನೆನೆಯಬಹುದು. ಆಕ್ಷೇಪದಲ್ಲಿ ಹುರುಳಿದೆ. ಇಂದಿನ ಬೂದ್ವಾರ್ ಚಿತ್ರಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು. ಸಿನಿಮಾ ಪತ್ರಿಕೆಯಿಂದ ಕಲಿತ ಭಂಗಿ, ಯಂತ್ರದಿಂದ ನುಣುಪಾದ ಚರ್ಮ. ಅದರ ಹಿಂದೆ ಸ್ಟುಡಿಯೋದವರ ವ್ಯಾಪಾರವೂ ಇದೆ. ತನ್ನನ್ನು ಪ್ರೀತಿಸಿಕೊಳ್ಳಬೇಕಾದರೆ ದುಬಾರಿ ಆಲ್ಬಮ್ ಕೊಳ್ಳಬೇಕೆಂಬುದು ಯಾವ ನ್ಯಾಯ? ಆದರೂ ಶಸ್ತ್ರಚಿಕಿತ್ಸೆಯ ಗಾಯವನ್ನು ಮರೆಮಾಡದೆ ಕೂತ ಹೆಂಗಸಿನ ಚಿತ್ರವನ್ನು ಬರ್ಜರನ ಮಾತಿನಿಂದ ಪೂರ್ತಿ ವಿವರಿಸಲಾಗದು ಎಂದು ನನಗನಿಸುತ್ತದೆ. ಯಾರ ಮೆಚ್ಚುಗೆಗೂ ಕಾಯದ ನೋಟ ಅದು.

ಕೌಂಟೆಸ್‌ಳ ಮೂರನೆಯ ಘಟ್ಟವೂ ಅಂಥದೇ. ಗಂಡ 1867ರಲ್ಲಿ ಸತ್ತಿದ್ದ; ಮಗ 1879ರಲ್ಲಿ ಸಿಡುಬಿಗೆ ಬಲಿಯಾದ; ನೆಪೋಲಿಯನ್ನನ ಸಾಮ್ರಾಜ್ಯ 1870ರಲ್ಲೇ ಉರುಳಿತ್ತು. ಪ್ಯಾರಿಸ್ಸಿನ ಮನೆಯ ಬಾಗಿಲು ಕಿಟಕಿಗಳಿಗೆ ಪರದೆ ಎಳೆದು, ರಾತ್ರಿ ಮಾತ್ರ ಹೊರಬೀಳುತ್ತಿದ್ದಳು. ಮನೆಯಲ್ಲಿ ಕನ್ನಡಿಗಳನ್ನು ಇಟ್ಟುಕೊಂಡಿರಲಿಲ್ಲವೆಂದು ಹೇಳುತ್ತಾರೆ. ಅಂಥವಳು 1893ರಿಂದ 1895ರವರೆಗೆ ಮತ್ತೆ ಪಿಯರ್ಸನ್ನನ ಎದುರು ಬಂದು ನಿಂತಳು. ಕೂದಲು ತೆಳುವಾಗಿತ್ತು, ಹಲ್ಲು ಬಿದ್ದಿದ್ದವು, ಮೈ ಊದಿತ್ತು. ಹಳೆಯ ಉಡುಪುಗಳನ್ನೇ ತೊಟ್ಟು ಹಳೆಯ ಭಂಗಿಗಳನ್ನೇ ಮತ್ತೆ ಹೂಡಿದಳು. 1894ರಲ್ಲಿ ಮತ್ತೊಮ್ಮೆ ತನ್ನ ಬರಿಗಾಲುಗಳ ಚಿತ್ರ ತೆಗೆಸಿದಳು. ಹುಚ್ಚೆಂದು ಬರೆದವರು ಹಲವರು. 1899ರ ನವೆಂಬರ್ 28ರಂದು ಅವಳು ಸತ್ತ ಮೇಲೆ ರಾಜಕೀಯ ಗುಟ್ಟುಗಳಿಗೆ ಹೆದರಿ ಅವಳ ಪತ್ರಗಳನ್ನು ಸರ್ಕಾರದವರು ಸುಡಿಸಿದರೆಂದು ಪ್ರತೀತಿ. ಚಿತ್ರಗಳಿಗೆ ಯಾರೂ ಹೆದರಲಿಲ್ಲ. ಅವು ಹರಾಜಿಗೆ ಹೋದವು. ರಾಬೆರ್ ದ ಮೊಂತೆಸ್ಕ್ಯು ಎಂಬ ಕವಿ 433 ಚಿತ್ರಗಳನ್ನು ಕಲೆಹಾಕಿ 1913ರಲ್ಲಿ ಅವಳ ಮೇಲೊಂದು ಪುಸ್ತಕ ಬರೆದ. ಅವುಗಳ ದೊಡ್ಡ ಪಾಲು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. 2000ದಲ್ಲಿ ಅಲ್ಲಿ ಪ್ರದರ್ಶನ ನಡೆದಾಗ ಪ್ರದರ್ಶನದ ಹೆಸರಿನಲ್ಲಿದ್ದುದು ಚಕ್ರವರ್ತಿಯಲ್ಲ, ಪಿಯರ್ಸನ್ನನೂ ಅಲ್ಲ, ಅವಳೇ.